ಮುಷ್ಟಿಯ ಬಲ ಎಲ್ಲಿದೆ?

ಬಾವಿಯಿಂದ ನೀರು ಸೇದುವವರ ಕೈಯನ್ನು ನಾವು ನೋಡಿದ್ದೇವೆ. ತುಂಬಿದ ಕೊಡ ನೀರಿನ ಮಟ್ಟದಿಂದ ಮೇಲಕ್ಕೆದ್ದ ಕೂಡಲೆ ಹಗ್ಗ ಬಿಗಿಯುತ್ತದೆ. ಒಂದು ಕೈ ಹಗ್ಗವನ್ನು ಬಿಡುವುದರೊಳಗಾಗಿ ಇನ್ನೊಂದು ಕೈ ಮುಂದೆ ಹೋಗಿ ಅದನ್ನು ಸುತ್ತಿ ಹಿಡಿಯುತ್ತದೆ. ಕೊಡದ ಭಾರವನ್ನೆಲ್ಲ ಬೆರಳುಗಳೇ ಹೊರುತ್ತಿವೆಯೆಂದು ನೋಡುವವರಿಗೆ ತೋರುವುದು ಸಹಜ. ಆದರೆ ಬೆರಳನ್ನು ಬಿಡಿಸಿ ನೋಡಿದ ಅಂಗರಚನಾಶಾಸ್ತ್ರಜ್ಞನಿಗೆ ಅಲ್ಲಿ ಅದನ್ನು ಮಡಿಸಬಲ್ಲ ಸ್ನಾಯು ಒಂದೂ ಸಿಕ್ಕುವುದಿಲ್ಲ. ಮೂಳೆ, ಕೀಲು, ನರ, ರಕ್ತನಾಳ, ಅಷ್ಟಿಷ್ಟು ಕೊಬ್ಬು, ಚರ್ಮ, ಇವುಗಳ ನಡುವೆ ಬೆಳ್ಳಗೆ ಹೊಳೆಯುವ ಕೆಲವು ಹುರಿಗಳು, ಇಷ್ಟೇ ಅಲ್ಲಿರುವುದು. ಹಾಗಾದರೆ ಮುಷ್ಟಿಯ ಬಲ ಎಲ್ಲಿದೆ?

ಉತ್ತರವನ್ನು ಕಂಡುಕೊಳ್ಳಲು ಪ್ರಯೋಗಶಾಲೆ ಬೇಕಿಲ್ಲ. ಅಂಗಿಯ ತೋಳನ್ನು ಮಡಿಸಿ, ಬಲಗೈಯನ್ನು ಅಂಗೈ ಮೇಲಾಗುವಂತೆ ಮೇಜಿನ ಮೇಲಿಡಿರಿ. ಎಡಗೈಯ ಬೆರಳುಗಳನ್ನು ಬಲ ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ, ಒಳಮಗ್ಗುಲಿನಲ್ಲಿ ಒತ್ತಿ ಹಿಡಿಯಿರಿ. ಈಗ ಬಲಮುಷ್ಟಿಯನ್ನು ಬಿಗಿಯಾಗಿ ಕಟ್ಟಿರಿ, ಮತ್ತೆ ಸಡಿಲಿಸಿರಿ. ಎಡಗೈಯ ಕೆಳಗೆ ಮಾಂಸವು ಗಟ್ಟಿಯಾಗಿ ಉಬ್ಬಿ ಮತ್ತೆ ಮೆತ್ತಗಾಗುವುದು ಸ್ಪಷ್ಟವಾಗಿ ತಿಳಿಯುತ್ತದೆ. ಬೆರಳು ಮಡಿಚಿದ್ದು ಒಂದು ಕಡೆ, ಶ್ರಮಪಟ್ಟದ್ದು ಅಲ್ಲಿಂದ ಮೊಳದುದ್ದ ದೂರದಲ್ಲಿ! ಸೂತ್ರದ ಬೊಂಬೆಯಾಟದಲ್ಲಿ ಬೊಂಬೆ ಕುಣಿಯುವುದು ಕೆಳಗೆ, ಅದನ್ನು ಕುಣಿಸುವ ಕೈಯಿರುವುದು ಪರದೆಯ ಮೇಲೆ. ನಮ್ಮ ಬೆರಳುಗಳೂ ಒಂದು ಬಗೆಯ ಸೂತ್ರದ ಬೊಂಬೆಗಳೇ. ಸೂತ್ರಧಾರನಿರುವುದು ಮೊಣಕೈಗೂ ಮಣಿಕಟ್ಟಿಗೂ ನಡುವಣ ಮುಂದೋಳಿನಲ್ಲಿ.

ಈ ಸಂಗತಿ ಹಿಂದಿನವರನ್ನೂ ಬೆರಗುಗೊಳಿಸಿತ್ತು. 1543ರಲ್ಲಿ ಪ್ರಕಟವಾದ ವೆಸೇಲಿಯಸನ ಅಂಗರಚನಾ ಗ್ರಂಥದಲ್ಲಿ ಆತನದೇ ಒಂದು ಚಿತ್ರವಿದೆ. ಆಧುನಿಕ ಅಂಗರಚನಾಶಾಸ್ತ್ರದ ಪಿತಾಮಹನೆನಿಸಿದ ಆ ವಿದ್ವಾಂಸನು ತನ್ನ ಚಿತ್ರದಲ್ಲಿ ಕೈಯಿಟ್ಟು ತೋರಿಸುತ್ತಿರುವುದು ಹೃದಯವನ್ನಲ್ಲ, ಮಿದುಳನ್ನೂ ಅಲ್ಲ. ಚರ್ಮವನ್ನು ಬಿಡಿಸಿದ ಒಂದು ಮುಂದೋಳನ್ನು, ಅದರಿಂದ ಬೆರಳುಗಳಿಗೆ ಹರಿದ ಹುರಿಗಳನ್ನು.

ಹುರಿಗಳ ಹಾದಿ

ಮುಂದೋಳಿನಲ್ಲಿ ರೇಡಿಯಸ್ ಮತ್ತು ಅಲ್ನ ಎಂಬ ಎರಡು ಉದ್ದ ಮೂಳೆಗಳಿವೆ. ಅವುಗಳನ್ನು ಸುತ್ತುವರಿದು ಸುಮಾರು ಇಪ್ಪತ್ತು ಸ್ನಾಯುಗಳು ಪದರಪದರವಾಗಿ ಅಡಕಗೊಂಡಿವೆ. ಅಂಗೈಯ ಕಡೆಗಿರುವವು ಬಹುಮಟ್ಟಿಗೆ ಮಡಿಸುವ ಸ್ನಾಯುಗಳು. ಇವುಗಳಲ್ಲಿ ಹಲವು ಮೊಣಕೈಯ ಒಳಗಂಟಿನಿಂದ ಹೊರಡುತ್ತವೆ. ಮುಂಗೈಯ ಹಿಂಬದಿಗಿರುವವು ಚಾಚುವ ಸ್ನಾಯುಗಳು. ಇವುಗಳಲ್ಲಿ ಹಲವಕ್ಕೆ ಮೊಣಕೈಯ ಹೊರಗಂಟೇ ನೆಲೆ. ಸ್ನಾಯುವಿನ ಕೆಂಪು ಮಾಂಸ ಮೊಣಕೈಯ ಕಡೆ ದಪ್ಪವಾಗಿದ್ದು ಮಣಿಕಟ್ಟಿನ ಕಡೆ ಬರುತ್ತ ಬರುತ್ತ ಸಣ್ಣದಾಗಿ, ಕೊನೆಗೆ ಗಟ್ಟಿಯಾದ ಬಿಳಿಯ ಹುರಿಯಾಗುತ್ತದೆ. ಈ ಹುರಿಗೆ ಸ್ನಾಯುರಜ್ಜುವೆಂದು ಹೆಸರು. ಮುಂದೋಳು ಮೇಲೆ ದಪ್ಪವಾಗಿ ಕೆಳಗೆ ಸಪೂರವಾಗಿರುವುದಕ್ಕೆ ಇದೇ ಕಾರಣ.

ಬೆರಳನ್ನು ಮಡಿಸುವ ಸ್ನಾಯುಗಳು ಮುಖ್ಯವಾಗಿ ಎರಡು. ಒಂದು ಮೇಲ್ಪದರದ್ದು, ಇನ್ನೊಂದು ಆಳದ್ದು. ಎರಡರಿಂದಲೂ ನಾಲ್ಕು ನಾಲ್ಕು ರಜ್ಜುಗಳು ಹೊರಟು ಹೆಬ್ಬೆರಳನ್ನು ಬಿಟ್ಟು ಉಳಿದ ನಾಲ್ಕು ಬೆರಳುಗಳಿಗೆ ಹೋಗುತ್ತವೆ. ಮೇಲ್ಪದರದ ರಜ್ಜು ಬೆರಳಿನ ನಡುಮೂಳೆಯವರೆಗೆ ಮಾತ್ರ ಹೋಗುತ್ತದೆ. ಆಳದ ರಜ್ಜು ತುದಿಮೂಳೆಯನ್ನು ಮುಟ್ಟಬೇಕು. ಆದರೆ ಅದರ ಹಾದಿಗೆ ಮೇಲಿನ ರಜ್ಜು ಅಡ್ಡವಾಗಿದೆಯಲ್ಲ! ಪ್ರಕೃತಿ ಈ ತೊಡಕನ್ನು ಬಿಡಿಸಿರುವ ರೀತಿ ಸೊಗಸಾದುದು: ಮೇಲಿನ ರಜ್ಜು ಬೆರಳಿನ ಬುಡದಲ್ಲಿ ಎರಡಾಗಿ ಸೀಳಿ ದಾರಿ ಬಿಡುತ್ತದೆ, ಆಳದ ರಜ್ಜು ಆ ಸೀಳಿನ ನಡುವೆ ಸೂಜಿಯ ಕಣ್ಣಿನಲ್ಲಿ ನೂಲು ನುಸುಳಿದಂತೆ ನುಸುಳಿ ತುದಿಯನ್ನು ಸೇರುತ್ತದೆ. ಹೆಬ್ಬೆರಳಿಗೆ ಮುಂದೋಳಿನಿಂದಲೇ ಬೇರೊಂದು ಸ್ನಾಯು ಉಂಟು.

ಹೀಗೆ ನಾಲ್ಕು, ನಾಲ್ಕು, ಒಂದು, ಒಟ್ಟು ಒಂಬತ್ತು ರಜ್ಜುಗಳು ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ಸುರಂಗದ ಮೂಲಕ ಅಂಗೈಗೆ ದಾಟುತ್ತವೆ. ಸುರಂಗದ ನೆಲ ಮತ್ತು ಗೋಡೆಗಳು ಮಣಿಕಟ್ಟಿನ ಪುಟ್ಟ ಮೂಳೆಗಳಿಂದಾದವು, ಚಾವಣಿ ಒಂದು ಬಲವಾದ ಅಡ್ಡಪಟ್ಟಿ. ರಜ್ಜುಗಳ ಜೊತೆಗೆ ಮೀಡಿಯನ್ ಎಂಬ ನರವೂ ಇದೇ ಸುರಂಗದಲ್ಲಿ ಹಾಯುತ್ತದೆ. ಒಳಗಿನ ಪೊರೆಗಳು ಊದಿಕೊಂಡರೆ ಮೊದಲು ನಲುಗುವುದು ಈ ನರ. ಆಗ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿಯುತ್ತವೆ, ಹಿಡಿದ ವಸ್ತು ಕೈಜಾರತೊಡಗುತ್ತದೆ.

ಬೆರಳಿನೊಳಗೆ ರಜ್ಜುಗಳು ಮೂಳೆಗೆ ಒತ್ತಿಕೊಂಡಿರುವಂತೆ ಅಲ್ಲಲ್ಲಿ ಗಟ್ಟಿಯಾದ ಉಂಗುರಪಟ್ಟಿಗಳು ಅವನ್ನು ಹಿಡಿದಿರುತ್ತವೆ. ಮೀನಿನ ಗಾಳದ ಕೋಲಿನಲ್ಲಿ ದಾರವನ್ನು ಕೋಲಿಗೆ ಅಂಟಿಸಿಕೊಂಡು ಹೋಗಲು ಉಂಗುರಗಳನ್ನು ಜೋಡಿಸಿರುವುದಿಲ್ಲವೆ, ಹಾಗೆ. ಉಂಗುರ ಹರಿದರೆ ರಜ್ಜು ಬಿಲ್ಲಿನ ಹೆದೆಯಂತೆ ಮೂಳೆಯಿಂದ ದೂರ ಸರಿಯುತ್ತದೆ. ಸ್ನಾಯು ಎಷ್ಟು ಎಳೆದರೂ ಬೆರಳು ಪೂರ್ತಿಯಾಗಿ ಮಡಿಚುವುದಿಲ್ಲ. ಬೆರಳ ತುದಿಯಿಂದ ಬಂಡೆಯ ಅಂಚನ್ನು ಹಿಡಿದು ದೇಹದ ಭಾರವನ್ನೆಲ್ಲ ತೂಗುವ ಬಂಡೆಯೇರುವವರಲ್ಲಿ ಈ ಪೆಟ್ಟು ಸಾಮಾನ್ಯ.

ಸ್ನಾಯುಗಳನ್ನು ಬೆರಳಿನಲ್ಲಿಯೇ ಇಟ್ಟಿದ್ದರೆ ಏನಾಗುತ್ತಿತ್ತು? ಮುಷ್ಟಿಯ ಈಗಿನ ಬಲಕ್ಕೆ ಬೇಕಾದಷ್ಟು ಮಾಂಸವನ್ನು ಬೆರಳುಗಳಿಗೆ ತುಂಬಿದ್ದರೆ ಅವು ಬಾಳೆಯ ಗೊನೆಯಂತಾಗಿ ಒಂದಕ್ಕೊಂದು ತಗುಲುತ್ತಿದ್ದವು. ಸೂಜಿಗೆ ದಾರ ಪೋಣಿಸುವುದಾಗಲಿ, ವೀಣೆಯ ತಂತಿಯನ್ನು ಮೀಟುವುದಾಗಲಿ ಸಾಧ್ಯವಾಗುತ್ತಿರಲಿಲ್ಲ. ಯಂತ್ರವನ್ನು ದೂರವಿಟ್ಟು ಹುರಿಯನ್ನು ಮಾತ್ರ ಕಳುಹಿಸಿದ್ದರಿಂದಲೇ ಒಂದೇ ಕೈಗೆ ಬಲವೂ ನಯವೂ ಒದಗಿದವು.

ಎಳೆತದ ಲೆಕ್ಕ

ಸ್ನಾಯುವಿನ ಬಲ ಯಾವುದನ್ನು ಅವಲಂಬಿಸಿದೆ? ಉದ್ದವನ್ನಲ್ಲ, ದಪ್ಪವನ್ನು. ಸ್ನಾಯುವಿನ ಎಳೆಗಳನ್ನು ಅಡ್ಡಲಾಗಿ ಕತ್ತರಿಸಿದರೆ ಕಾಣುವ ಕ್ಷೇತ್ರದ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2ರಿಂದ 3 ಕಿಲೋಗ್ರಾಂ ಭಾರದಷ್ಟು ಎಳೆತ ಹುಟ್ಟುತ್ತದೆ. ಎಳೆ ಉದ್ದವಾದಷ್ಟೂ ಹೆಚ್ಚುವುದು ಬಲವಲ್ಲ, ಸ್ನಾಯು ಕುಗ್ಗಬಲ್ಲ ದೂರ. ಗರಡಿಯ ಪೈಲ್ವಾನನ ಹಿಡಿತ ಬಿಗಿಯಾಗಿರುವುದು ಅವನ ಬೆರಳು ದಪ್ಪವಾದುದರಿಂದಲ್ಲ, ಮುಂದೋಳು ದಪ್ಪವಾದುದರಿಂದ.

ಆದರೆ ಸ್ನಾಯು ಎಳೆದ ಬಲವೆಲ್ಲವೂ ಬೆರಳ ತುದಿಯಲ್ಲಿ ನಮಗೆ ದೊರೆಯುವುದಿಲ್ಲ. ಬೆರಳು ಒಂದು ಸನ್ನೆಗೋಲು. ಬುಡದ ಗೆಣ್ಣಿನ ಹತ್ತಿರ ರಜ್ಜು ಕೀಲಿನ ಮಧ್ಯದಿಂದ ಸುಮಾರು 1 ಸೆಂಟಿಮೀಟರ್ ದೂರದಲ್ಲಿ ಎಳೆಯುತ್ತದೆ. ಬೆರಳ ತುದಿ ಅದೇ ಕೀಲಿನಿಂದ ಏಳೆಂಟು ಸೆಂಟಿಮೀಟರ್ ದೂರದಲ್ಲಿದೆ. ಆದುದರಿಂದ ತುದಿಯಲ್ಲಿ 1 ಕಿಲೋಗ್ರಾಂ ಭಾರವನ್ನು ತಡೆಯಬೇಕಾದರೆ ಆ ಗೆಣ್ಣಿನಲ್ಲಿ ಏಳೆಂಟು ಕಿಲೋಗ್ರಾಂ ಎಳೆತ ಬೇಕಾಗುತ್ತದೆ. ತುಂಬಿದ ಬಕೆಟ್ಟಿನ ಹಿಡಿ ಅಂಗೈಯಿಂದ ಜಾರಿ ಬೆರಳ ತುದಿಗೆ ಬಂದಾಗ ನಾವು ಬೇಗನೆ ಸೋತು ಬಕೆಟ್ಟನ್ನು ಕೆಳಗಿಡುವುದು ಇದರಿಂದಲೇ. ಭಾರ ಹೆಚ್ಚಿಲ್ಲ, ಸನ್ನೆಗೋಲಿನ ತೋಳು ಉದ್ದವಾಗಿದೆ.

ಈ ನಷ್ಟಕ್ಕೆ ಪ್ರತಿಯಾಗಿ ಒಂದು ಲಾಭವೂ ಇದೆ. ರಜ್ಜು ಸ್ವಲ್ಪ ಸರಿದರೆ ಬೆರಳ ತುದಿ ಬಹುದೂರ ಚಲಿಸುತ್ತದೆ. ಬಲವನ್ನು ಕೊಟ್ಟು ವೇಗವನ್ನು ಕೊಂಡುಕೊಂಡ ವ್ಯಾಪಾರವಿದು.

ಬೆನ್ನ ಹಿಂದಿನ ಸಹಾಯಕರು

ಈಗ ಇನ್ನೊಂದು ಪರೀಕ್ಷೆ. ಮಣಿಕಟ್ಟನ್ನು ಅಂಗೈಯ ಕಡೆಗೆ ಸಾಧ್ಯವಾದಷ್ಟೂ ಬಾಗಿಸಿ, ಹಾಗೆಯೇ ಇಟ್ಟುಕೊಂಡು ಮುಷ್ಟಿಯನ್ನು ಬಿಗಿಯಲು ಪ್ರಯತ್ನಿಸಿರಿ. ಬೆರಳುಗಳು ಅಂಗೈಯನ್ನು ಪೂರ್ತಿಯಾಗಿ ಮುಟ್ಟುವುದೇ ಕಷ್ಟ. ಮುಟ್ಟಿದರೂ ಅವುಗಳಲ್ಲಿ ಕಸುವಿರುವುದಿಲ್ಲ. ಈಗ ಮಣಿಕಟ್ಟನ್ನು ಸ್ವಲ್ಪ ಹಿಂದಕ್ಕೆ ಎತ್ತಿ ಮುಷ್ಟಿ ಬಿಗಿಯಿರಿ. ಕಳೆದುಹೋದ ಬಲ ಮರಳಿ ಬಂದಿರುತ್ತದೆ. ಮಗುವಿನ ಮುಷ್ಟಿಯಿಂದ ಕಲ್ಲನ್ನೋ ಗುಂಡಿಯನ್ನೋ ಬಿಡಿಸಬೇಕಾದ ತಾಯಿ ಅದರ ಬೆರಳುಗಳೊಡನೆ ಗುದ್ದಾಡುವುದಿಲ್ಲ. ಮಣಿಕಟ್ಟನ್ನು ಮೆಲ್ಲನೆ ಮುಂದಕ್ಕೆ ಬಾಗಿಸುತ್ತಾಳೆ, ಮುಷ್ಟಿ ತಾನಾಗಿ ಸಡಿಲುತ್ತದೆ. ಅಂಗರಚನಾಶಾಸ್ತ್ರವನ್ನು ಓದದೆಯೇ ತಿಳಿದ ವಿದ್ಯೆಯಿದು.

ಇದರ ಕಾರಣ ಸ್ನಾಯುವಿನ ಸೂಕ್ಷ್ಮರಚನೆಯಲ್ಲಿದೆ. ಸ್ನಾಯುವಿನ ಎಳೆಯೊಳಗೆ ಮಿಲಿಮೀಟರಿನ ಸಾವಿರದ ಎರಡು ಮೂರು ಪಾಲಿನಷ್ಟು ಉದ್ದದ ಘಟಕಗಳು ಸಾಲಾಗಿ ಜೋಡಣೆಗೊಂಡಿವೆ. ಒಂದೊಂದರಲ್ಲಿಯೂ ಮಯೋಸಿನ್ನಿನ ದಪ್ಪ ತಂತುಗಳೂ ಆ್ಯಕ್ಟಿನ್ನಿನ ತೆಳು ತಂತುಗಳೂ ಎರಡು ಕೈಗಳ ಬೆರಳುಗಳನ್ನು ಹೆಣೆದಂತೆ ಒಂದರ ನಡುವೆ ಒಂದು ಸೇರಿಕೊಂಡಿವೆ. ಸ್ನಾಯು ಕುಗ್ಗುವಾಗ ತಂತುಗಳು ಗಿಡ್ಡವಾಗುವುದಿಲ್ಲ. ಒಂದರ ಮೇಲೊಂದು ಜಾರುತ್ತವೆ. ಈ ತತ್ತ್ವವನ್ನು 1954ರಲ್ಲಿ ಎರಡು ವಿಜ್ಞಾನಿ ತಂಡಗಳು ಬೇರೆಬೇರೆಯಾಗಿ ಕಂಡುಹಿಡಿದು ಒಟ್ಟಿಗೇ ಪ್ರಕಟಿಸಿದವು. ಒಂದರಲ್ಲಿ ಆ್ಯಂಡ್ರೂ ಹಕ್ಸ್‌ಲಿ ಮತ್ತು ನೀಡರ್‌ಗೆರ್ಕೆ, ಇನ್ನೊಂದರಲ್ಲಿ ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್. ಹೆಸರು ಒಂದೇ ಆದರೂ ಇಬ್ಬರು ಹಕ್ಸ್‌ಲಿಗಳೂ ಸಂಬಂಧಿಗಳಲ್ಲ. ತಂತುಗಳು ಒಂದರೊಳಗೊಂದು ಹಿತಮಿತವಾಗಿ ಸೇರಿಕೊಂಡಿರುವಾಗ ಎಳೆತ ಅತ್ಯಧಿಕವಾಗಿರುತ್ತದೆ. ಸ್ನಾಯು ಅತಿಯಾಗಿ ಕುಗ್ಗಿದ್ದರೂ ಅತಿಯಾಗಿ ಹಿಗ್ಗಿದ್ದರೂ ಎಳೆತ ಇಳಿಯುತ್ತದೆ. ಇದನ್ನು 1966ರಲ್ಲಿ ಕಪ್ಪೆಯ ಒಂಟಿ ಸ್ನಾಯು ಎಳೆಯ ಮೇಲೆ ಪ್ರಯೋಗ ನಡೆಸಿ ನಿಖರವಾಗಿ ತೋರಿಸಲಾಯಿತು.

ಬೆರಳನ್ನು ಮಡಿಸುವ ರಜ್ಜುಗಳು ಮಣಿಕಟ್ಟನ್ನೂ ದಾಟಿ ಹೋಗುವುದರಿಂದ, ಮಣಿಕಟ್ಟು ಮುಂದಕ್ಕೆ ಬಾಗಿದರೆ ಸ್ನಾಯು ಬೆರಳನ್ನು ಮಡಿಸುವ ಮೊದಲೇ ಗಿಡ್ಡವಾಗಿರುತ್ತದೆ. ಅದರ ಬಂಡವಾಳ ಅರ್ಧದಾರಿಯಲ್ಲಿಯೇ ಖರ್ಚಾಗಿರುತ್ತದೆ. ಜೊತೆಗೆ ಕೈಯ ಹಿಂಬದಿಯ ರಜ್ಜುಗಳು ಬಿಗಿದುಕೊಂಡು ಬೆರಳುಗಳನ್ನು ಹಿಂದಕ್ಕೆ ಜಗ್ಗುತ್ತವೆ. ಮಣಿಕಟ್ಟು 20ರಿಂದ 35 ಡಿಗ್ರಿಗಳಷ್ಟು ಹಿಂದಕ್ಕೆ ಎತ್ತಿರುವಾಗ ಹಿಡಿತ ಅತ್ಯಂತ ಬಲವಾಗಿರುತ್ತದೆ. ಗಟ್ಟಿಯಾಗಿ ಏನನ್ನಾದರೂ ಹಿಡಿಯುವಾಗ ನಾವು ಯೋಚಿಸದೆಯೇ ಮಣಿಕಟ್ಟನ್ನು ಈ ಭಂಗಿಗೆ ತರುತ್ತೇವೆ.

ತರುವವರು ಯಾರು? ಮುಂದೋಳಿನ ಹಿಂಬದಿಯ ಸ್ನಾಯುಗಳು. ಮುಷ್ಟಿ ಕಟ್ಟುವಾಗ ಮಡಿಸುವ ಸ್ನಾಯುಗಳು ಬೆರಳನ್ನಷ್ಟೇ ಅಲ್ಲ, ಮಣಿಕಟ್ಟನ್ನೂ ಮುಂದಕ್ಕೆ ಎಳೆಯುತ್ತವೆ. ಆ ಎಳೆತಕ್ಕೆ ಎದುರಾಗಿ ನಿಂತು ಮಣಿಕಟ್ಟನ್ನು ಹಿಂದಕ್ಕೆ ಹಿಡಿಯದಿದ್ದರೆ ಮುಷ್ಟಿಯ ಬಲವೇ ಉಡುಗಿಹೋದೀತು. ಇನ್ನೊಮ್ಮೆ ಎಡಗೈಯಿಂದ ಬಲ ಮುಂದೋಳನ್ನು, ಈ ಸಲ ಹಿಂಬದಿಯಲ್ಲಿ, ಹಿಡಿದು ಮುಷ್ಟಿ ಬಿಗಿಯಿರಿ. ಬೆರಳನ್ನು ಮಡಿಸುವ ಕೆಲಸ ನಡೆದಿದ್ದರೂ ಹಿಂಬದಿಯೂ ಅಷ್ಟೇ ಗಟ್ಟಿಯಾಗುತ್ತದೆ.

ಈ ಸತ್ಯವನ್ನು ರೋಗಗಳು ಚೆನ್ನಾಗಿ ಎತ್ತಿ ತೋರಿಸುತ್ತವೆ. ಮೊಣಕೈಯ ಹೊರಗಂಟಿನ ನೋವಿಗೆ ಟೆನಿಸ್ ಮೊಣಕೈಯೆಂಬ ಹೆಸರಿದೆ. ಟೆನಿಸ್ ಆಡದವರಿಗೂ ಅದು ಬರುತ್ತದೆ. ಒದ್ದೆ ಬಟ್ಟೆ ಹಿಂಡುವಾಗ, ತುಂಬಿದ ಚೆಂಬು ಎತ್ತುವಾಗ ಅಲ್ಲಿ ಚುಚ್ಚಿದಂತಾಗುತ್ತದೆ. ಹಿಂಡುವುದು ಮಡಿಸುವ ಸ್ನಾಯುಗಳ ಕೆಲಸವಾಗಿರಲು ಚಾಚುವ ಸ್ನಾಯುಗಳ ಬುಡದಲ್ಲಿ ನೋವೇಕೆಂಬ ಪ್ರಶ್ನೆಗೆ ಉತ್ತರ ಈಗ ಸುಲಭ. ಇನ್ನು ತೋಳನ್ನು ಕುರ್ಚಿಯ ಬೆನ್ನಿನ ಮೇಲೆ ಇಳಿಬಿಟ್ಟು ಗಾಢನಿದ್ರೆ ಮಾಡಿದವರಲ್ಲಿ ಕೆಲವೊಮ್ಮೆ ರೇಡಿಯಲ್ ನರ ಅದುಮಿಹೋಗಿ, ಎಚ್ಚತ್ತಾಗ ಮಣಿಕಟ್ಟು ಜೋತುಬಿದ್ದಿರುತ್ತದೆ. ಮಡಿಸುವ ಸ್ನಾಯುಗಳಿಗೆ ಈ ನರದ ಸಂಬಂಧವಿಲ್ಲ, ಅವು ಸುಸ್ಥಿತಿಯಲ್ಲಿಯೇ ಇವೆ. ಆದರೂ ಲೋಟ ಹಿಡಿಯಲು ಬಲ ಸಾಲದು. ವೈದ್ಯನು ಒಂದು ದಬ್ಬೆಯನ್ನು ಕಟ್ಟಿ ಮಣಿಕಟ್ಟನ್ನು ಎತ್ತಿ ನಿಲ್ಲಿಸಿದೊಡನೆ ಹಿಡಿತ ಬಹುಮಟ್ಟಿಗೆ ಮರಳುತ್ತದೆ.

ಬೆನ್ನುಹುರಿಗೆ ಕುತ್ತಿಗೆಯಲ್ಲಿ ಪೆಟ್ಟಾದ ಕೆಲವರಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿ ಕಂಡುಬರುತ್ತದೆ. ಬೆರಳುಗಳಿಗೆ ಚಲನೆಯಿಲ್ಲ, ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಸ್ನಾಯು ಮಾತ್ರ ಉಳಿದಿದೆ. ಅಂಥವರು ಮಣಿಕಟ್ಟನ್ನು ಎತ್ತಿದಾಗ ರಜ್ಜುಗಳು ಬಿಗಿದು ಬೆರಳುಗಳು ತಾವಾಗಿ ಮಡಿಚುತ್ತವೆ, ಇಳಿಸಿದಾಗ ಬಿಚ್ಚುತ್ತವೆ. ಇಷ್ಟರಿಂದಲೇ ಅವರು ಚಮಚ ಹಿಡಿದು ಉಣ್ಣುವುದನ್ನು ಕಲಿಯುತ್ತಾರೆ.

ನಾಲ್ಕು ಕುದುರೆಗಳ ರಥ

ಬಲಗೈಯನ್ನು ಅಂಗೈ ಮೇಲಾಗಿ ಮೇಜಿನ ಮೇಲಿಟ್ಟು, ತೋರುಬೆರಳು, ಉಂಗುರಬೆರಳು, ಕಿರುಬೆರಳುಗಳನ್ನು ನೇರವಾಗಿರುವಂತೆ ಎಡಗೈಯಿಂದ ಒತ್ತಿ ಹಿಡಿಯಿರಿ. ಈಗ ನಡುಬೆರಳನ್ನು ಮಡಿಸಿರಿ. ಅದು ನಡುಗೆಣ್ಣಿನಲ್ಲಿ ಮಡಿಚುತ್ತದೆ. ಆದರೆ ಅದರ ತುದಿಯನ್ನು ಮುಟ್ಟಿ ನೋಡಿದರೆ ಕಟ್ಟು ಸಡಿಲಿದ ಗೊಂಬೆಯ ತಲೆಯಂತೆ ಅತ್ತಿತ್ತ ಅಲ್ಲಾಡುತ್ತದೆ. ತುದಿಗೆಣ್ಣನ್ನು ಮಡಿಸಲು ನಿಮ್ಮಿಂದಾಗುವುದಿಲ್ಲ.

ನಡುಗೆಣ್ಣನ್ನು ಮಡಿಸಿದ್ದು ಮೇಲ್ಪದರದ ಸ್ನಾಯು. ಅದರಲ್ಲಿ ಪ್ರತಿ ಬೆರಳಿಗೂ ಬಹುಮಟ್ಟಿಗೆ ಸ್ವತಂತ್ರವಾದ ಭಾಗವಿದೆ. ತುದಿಗೆಣ್ಣಿನ ಒಡೆಯನು ಆಳದ ಸ್ನಾಯು. ಇದರಲ್ಲಿ ನಡುಬೆರಳು, ಉಂಗುರಬೆರಳು, ಕಿರುಬೆರಳುಗಳಿಗೆ ಹೋಗುವ ರಜ್ಜುಗಳು ಒಂದೇ ಮಾಂಸರಾಶಿಯಿಂದ ಹೊರಡುತ್ತವೆ. ಎರಡು ಬೆರಳುಗಳನ್ನು ತಡೆದು ಹಿಡಿದಾಗ ಇಡೀ ರಾಶಿಯೇ ತಡೆಗೆ ಸಿಕ್ಕಿ, ಮೂರನೆಯದನ್ನು ಎಳೆಯಲಾರದೆ ಹೋಗುತ್ತದೆ. ರೋಮನ್ನರ ರಥಕ್ಕೆ ನಾಲ್ಕು ಕುದುರೆಗಳನ್ನು ಒಂದೇ ಸಾಲಿನಲ್ಲಿ ಕಟ್ಟುತ್ತಿದ್ದರಂತೆ. ಅವುಗಳಲ್ಲಿ ಒಂದು ನಿಂತರೆ ಉಳಿದವೂ ಓಡುವಂತಿಲ್ಲ. ಶಸ್ತ್ರವೈದ್ಯರು ಈ ರಥದ ಹೆಸರಿನಿಂದಲೇ ಈ ಪರಿಣಾಮವನ್ನು ಕರೆಯುತ್ತಾರೆ. ಒಂದು ಬೆರಳಿನ ರಜ್ಜು ತುಂಡಾದಾಗ ಅದನ್ನು ತೀರ ಬಿಗಿಯಾಗಿ ಹೊಲಿದರೆ, ಪೆಟ್ಟಾಗದ ಪಕ್ಕದ ಬೆರಳುಗಳ ಹಿಡಿತವೂ ಕುಂದುತ್ತದೆ.

ಉಂಗುರಬೆರಳು ಮತ್ತು ಕಿರುಬೆರಳುಗಳನ್ನು ನಾವು ಅಲಕ್ಷ್ಯದಿಂದ ಕಾಣುವುದುಂಟು. ಆದರೆ ಮುಷ್ಟಿಯ ಒಟ್ಟು ಬಲದಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಇವೆರಡರದೇ. ಗುದ್ದಲಿಯ ಕಾವನ್ನು ಕಿರುಬೆರಳು ಎತ್ತಿ ಹಿಡಿದರೆ ಅದು ಕೈಯಲ್ಲಿ ಎಷ್ಟು ಸಡಿಲವಾಗುತ್ತದೆಂಬುದನ್ನು ಯಾರಾದರೂ ಪರೀಕ್ಷಿಸಬಹುದು.

ಇದಕ್ಕೆ ವ್ಯತಿರಿಕ್ತವಾಗಿ, ಇದ್ದರೂ ಇಲ್ಲದಿದ್ದರೂ ನಡೆಯುವ ಸ್ನಾಯುವೊಂದೂ ಮುಂದೋಳಿನಲ್ಲಿದೆ. ಹೆಬ್ಬೆರಳನ್ನೂ ಕಿರುಬೆರಳನ್ನೂ ಜೋಡಿಸಿ ಮಣಿಕಟ್ಟನ್ನು ಸ್ವಲ್ಪ ಬಾಗಿಸಿದರೆ ಮಣಿಕಟ್ಟಿನ ನಟ್ಟನಡುವೆ ಹುರಿಯೊಂದು ಎದ್ದು ನಿಲ್ಲುತ್ತದೆ. ಇದು ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯುವಿನ ರಜ್ಜು. ನೂರಕ್ಕೆ ಸುಮಾರು ಹದಿನೈದು ಮಂದಿಗೆ ಇದು ಒಂದು ಕೈಯಲ್ಲೋ ಎರಡರಲ್ಲೋ ಇರುವುದೇ ಇಲ್ಲ. ಈ ಪ್ರಮಾಣ ಜನಾಂಗದಿಂದ ಜನಾಂಗಕ್ಕೆ ಬಹಳ ಬದಲಾಗುತ್ತದೆ. ಇಲ್ಲದವರ ಹಿಡಿತಕ್ಕೆ ಅದರಿಂದ ಕುಂದೇನೂ ಇಲ್ಲ. ಆದುದರಿಂದಲೇ ಬೇರೆಡೆ ರಜ್ಜು ಬೇಕಾದಾಗ ಶಸ್ತ್ರವೈದ್ಯನು ಮೊದಲು ಇದರತ್ತ ಕಣ್ಣು ಹಾಯಿಸುತ್ತಾನೆ.

ಚೆಂಗಲ್ಪಟ್ಟಿನ ಒಂದು ಹಸ್ತಲಾಘವ

ಮುಂದೋಳೇ ಎಲ್ಲವೂ ಅಲ್ಲ. ಅಂಗೈಯೊಳಗೂ ಪುಟ್ಟ ಸ್ನಾಯುಗಳಿವೆ. ಅವು ಬುಡದ ಗೆಣ್ಣನ್ನು ಮಡಿಸಿ, ಮುಂದಿನ ಎರಡು ಗೆಣ್ಣುಗಳನ್ನು ನೇರಗೊಳಿಸುತ್ತವೆ. ಲೋಟವನ್ನು ಹಿಡಿಯಲು ಹೋಗುವಾಗ ಬೆರಳುಗಳು ಅದರ ಸುತ್ತ ಕಮಾನಿನಂತೆ ತೆರೆದುಕೊಳ್ಳುವುದು ಇವುಗಳಿಂದ. 1956ರಲ್ಲಿ ಇಂಗ್ಲೆಂಡಿನ ಜಾನ್ ನೇಪಿಯರ್ ಕೈಯ ಹಿಡಿತಗಳನ್ನು ಬಲದ ಹಿಡಿತ, ನಯದ ಹಿಡಿತ ಎಂದು ಎರಡಾಗಿ ವಿಂಗಡಿಸಿದನು. ಸುತ್ತಿಗೆ ಹಿಡಿಯುವುದು ಮೊದಲನೆಯದು, ಲೇಖನಿ ಹಿಡಿಯುವುದು ಎರಡನೆಯದು. ಬಲ ಹೆಚ್ಚಾಗಿ ಮುಂದೋಳಿನ ಕೊಡುಗೆ. ನಯಕ್ಕೆ ಅಂಗೈಯ ಸ್ನಾಯುಗಳು ಬೇಕೇ ಬೇಕು.

ಈ ಭೇದವನ್ನು ಅರಿತುಕೊಂಡದ್ದು ನಮ್ಮ ನೆರೆಯಲ್ಲಿಯೇ ಸಾವಿರಾರು ಜನರ ಬಾಳನ್ನು ಬದಲಾಯಿಸಿತು. ಡಾ. ಪಾಲ್ ಬ್ರ್ಯಾಂಡ್ 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಶಸ್ತ್ರವೈದ್ಯ ಕಲಿತು, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದವರು. 1947ರಲ್ಲಿ ಅವರು ಕುಷ್ಠರೋಗತಜ್ಞ ಡಾ. ರಾಬರ್ಟ್ ಕಾಕ್ರೇನರ ಜೊತೆಯಲ್ಲಿ ಚೆಂಗಲ್ಪಟ್ಟಿನ ಕುಷ್ಠಧಾಮವನ್ನು ನೋಡಲು ಹೋದರು. ಅಲ್ಲಿ ಕಂಡ ಕೈಗಳೆಲ್ಲ ಹದ್ದಿನ ಉಗುರಿನಂತೆ ಸೊಟ್ಟಗಾಗಿದ್ದವು. ರೋಗದಿಂದ ಮಾಂಸ ಕೊಳೆತು ಕೈ ಕೆಡುತ್ತದೆ, ಮಾಡುವುದೇನೂ ಇಲ್ಲ ಎಂಬುದು ಆಗಿನ ನಂಬಿಕೆ. ಬ್ರ್ಯಾಂಡ್ ಒಬ್ಬ ರೋಗಿಯ ಸೊಟ್ಟ ಬೆರಳುಗಳ ನಡುವೆ ತಮ್ಮ ಕೈಯನ್ನಿಟ್ಟು ಬಲವಾಗಿ ಹಿಸುಕುವಂತೆ ಹೇಳಿದರು. ಸತ್ತಂತಿದ್ದ ಆ ಕೈಯಿಂದ ಬಂದ ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ, ಉಗುರುಗಳು ನಾಟಿ ಬ್ರ್ಯಾಂಡ್ ನೋವಿನಿಂದ ಕೂಗಿಕೊಂಡರು.

ಆ ನೋವು ಅವರಿಗೆ ಒಂದು ಪಾಠವಾಯಿತು. ಕುಷ್ಠದ ಬ್ಯಾಕ್ಟೀರಿಯ ಶರೀರದ ತಂಪಾದ ಭಾಗಗಳಲ್ಲಿ, ಚರ್ಮಕ್ಕೆ ಹತ್ತಿರವಾಗಿ ಹಾಯುವ ನರಗಳಲ್ಲಿ ನೆಲೆಸುತ್ತದೆ. ಅಲ್ನರ್ ನರ ಮೊಣಕೈಯ ಬಳಿಯಲ್ಲಿ, ಮೀಡಿಯನ್ ನರ ಮಣಿಕಟ್ಟಿನ ಬಳಿಯಲ್ಲಿ ಮೇಲಕ್ಕೆ ಬರುತ್ತವೆ. ಪೆಟ್ಟು ಬೀಳುವುದೂ ಅಲ್ಲಿಯೇ. ಹೀಗಾಗಿ ಅಂಗೈಯ ಪುಟ್ಟ ಸ್ನಾಯುಗಳು ನಿಸ್ತೇಜವಾಗುತ್ತವೆ. ಆದರೆ ಮುಂದೋಳಿನ ಮಡಿಸುವ ಸ್ನಾಯುಗಳಲ್ಲಿ ಬಹುಪಾಲಿಗೆ ಬೇಕಾದ ಕವಲುಗಳು ಮೀಡಿಯನ್ ನರದಿಂದ ಬಹಳ ಮೇಲೆಯೇ, ಆಳದಲ್ಲಿಯೇ ಒಡೆದಿರುವುದರಿಂದ ಅವು ಸುರಕ್ಷಿತವಾಗಿರುತ್ತವೆ. ಎದುರಾಳಿಯಿಲ್ಲದೆ ಉಳಿದ ಈ ಬಲವಾದ ಸ್ನಾಯುಗಳೇ ಬೆರಳುಗಳನ್ನು ಒಂದೇ ಸಮನೆ ಒಳಕ್ಕೆ ಎಳೆದು ಕೈಯನ್ನು ಸೊಟ್ಟಗೊಳಿಸುತ್ತವೆ. ರೋಗಿಯ ಕೈಯಲ್ಲಿ ಬಲದ ಕೊರತೆಯಿಲ್ಲ. ಇದ್ದ ಬಲವನ್ನು ತೆರೆದು ಹಿಡಿಯುವ ಉಪಾಯವಿಲ್ಲ.

ಹಾಗಾದರೆ ಮುಂದೋಳಿನ ಆರೋಗ್ಯವಂತ ಸ್ನಾಯುಗಳಲ್ಲಿ ಒಂದನ್ನು ಬೇರೆ ಕೆಲಸಕ್ಕೆ ಏಕೆ ಹಚ್ಚಬಾರದು? ಪ್ರತಿ ಬೆರಳಿಗೂ ಮಡಿಸುವ ರಜ್ಜುಗಳು ಎರಡೆರಡಿವೆ. ಆಳದ ರಜ್ಜು ಉಳಿದರೆ ಬೆರಳು ಮಡಿಚಲು ಸಾಕು. ಆದುದರಿಂದ ಒಂದು ಬೆರಳಿನ ಮೇಲ್ಪದರದ ರಜ್ಜುವನ್ನು ಬಿಡಿಸಿ, ನಾಲ್ಕು ಸೀಳುಗಳನ್ನಾಗಿ ಮಾಡಿ, ಅಂಗೈಯ ಸ್ನಾಯುಗಳು ಎಳೆಯುತ್ತಿದ್ದ ಸ್ಥಳಗಳಿಗೇ ಅವುಗಳನ್ನು ಹೊಲಿಯುವ ಶಸ್ತ್ರಕ್ರಿಯೆಯನ್ನು ಬ್ರ್ಯಾಂಡ್ ಕುಷ್ಠರೋಗಿಗಳ ಕೈಗಳ ಮೇಲೆ ನಡೆಸಿದರು. ಬಳಿಕ ಮಣಿಕಟ್ಟನ್ನು ಎತ್ತುವ ಸ್ನಾಯುವೊಂದನ್ನೂ ಹೀಗೆಯೇ ಬಳಸುವ ವಿಧಾನವನ್ನು ರೂಪಿಸಿದರು. ಇದಕ್ಕೆಲ್ಲ ಯಾವ ಸ್ನಾಯು ಎಷ್ಟು ಎಳೆಯಬಲ್ಲದು, ಎಷ್ಟು ದೂರ ಸರಿಯಬಲ್ಲದು ಎಂಬ ಲೆಕ್ಕ ಬೇಕು. ಸ್ಥೂಲವಾಗಿ ಮಣಿಕಟ್ಟನ್ನು ಚಲಿಸುವ ರಜ್ಜುಗಳು 33 ಮಿಲಿಮೀಟರ್, ಬೆರಳನ್ನು ಚಾಚುವವು 50 ಮಿಲಿಮೀಟರ್, ಮಡಿಸುವವು 70 ಮಿಲಿಮೀಟರ್ ಸರಿಯುತ್ತವೆಂದು ಶಸ್ತ್ರವೈದ್ಯರು ನೆನಪಿಟ್ಟುಕೊಳ್ಳುತ್ತಾರೆ. ಮುಂದೋಳಿನ ಮತ್ತು ಕೈಯ ಸ್ನಾಯುಗಳ ಬಲವನ್ನೂ ಚಲನೆಯನ್ನೂ ಒಂದೊಂದಾಗಿ ಅಳೆದು ಬ್ರ್ಯಾಂಡ್ ಮತ್ತು ಅವರ ಸಂಗಡಿಗರು 1981ರಲ್ಲಿ ಪ್ರಕಟಿಸಿದ ಪಟ್ಟಿ ಇಂದಿಗೂ ಉಪಯೋಗದಲ್ಲಿದೆ.

ಬೆರಳು ತೆರೆದ ಮೇಲೂ ಒಂದು ಗಂಡಾಂತರ ಉಳಿದಿತ್ತು. ತುಕ್ಕು ಹಿಡಿದ ಬೀಗವೊಂದನ್ನು ಬ್ರ್ಯಾಂಡ್ ತೆಗೆಯಲಾರದೆ ಇದ್ದಾಗ, ಕುಷ್ಠದಿಂದ ನರಳುತ್ತಿದ್ದ ಹುಡುಗನೊಬ್ಬ ಬಂದು ಬೀಗದ ಕೈಯನ್ನು ತಿರುಗಿಸಿಯೇಬಿಟ್ಟನು. ಅವನ ಬೆರಳನ್ನು ನೋಡಿದರೆ ಚರ್ಮ ಮಾಂಸಗಳು ಮೂಳೆಯವರೆಗೆ ಕೊಯ್ದುಹೋಗಿದ್ದವು. ಹುಡುಗನಿಗೆ ಅದರ ಅರಿವೇ ಇರಲಿಲ್ಲ. ಅವನು ಭೀಮನಾಗಿರಲಿಲ್ಲ. ನಮ್ಮ ಬೆರಳುಗಳನ್ನು ನೋವು ಎಲ್ಲಿ ತಡೆದು ನಿಲ್ಲಿಸುವುದೋ ಅಲ್ಲಿ ಅವನನ್ನು ತಡೆಯುವುದೇನೂ ಇರಲಿಲ್ಲ. ಕೈ ಕೆಡುವುದು ಮಾಂಸ ಕೊಳೆಯುವುದರಿಂದಲ್ಲ, ನೋವಿಲ್ಲದ ಕೈಗೆ ಪದೇಪದೇ ಆಗುವ ಗಾಯಗಳಿಂದ ಎಂಬುದು ಬ್ರ್ಯಾಂಡರಿಗೆ ಇಂಥ ಪ್ರಸಂಗಗಳಿಂದ ಮನದಟ್ಟಾಯಿತು. ಆದುದರಿಂದ ಶಸ್ತ್ರಕ್ರಿಯೆಯಷ್ಟೇ ಅಲ್ಲದೆ, ಹತ್ಯಾರುಗಳನ್ನು ಗಾಯವಾಗದಂತೆ ಹಿಡಿಯುವ ಶಿಕ್ಷಣವೂ ಚಿಕಿತ್ಸೆಯ ಭಾಗವಾಯಿತು. ಇಂದು ಕುಷ್ಠ ಔಷಧಗಳಿಂದ ಪೂರ್ತಿಯಾಗಿ ಗುಣವಾಗುವ ರೋಗ. ಬೇಗ ಚಿಕಿತ್ಸೆ ಆರಂಭವಾದರೆ ಕೈ ಸೊಟ್ಟಗಾಗುವ ಸಂದರ್ಭವೇ ಬಾರದು.

ಅಳತೆ ಮತ್ತು ಅದರ ಅರ್ಥ

ಮುಷ್ಟಿಯ ಬಲವನ್ನು ಅಳೆಯುವ ಸಾಧನಕ್ಕೆ ಡೈನಮೋಮೀಟರ್ ಎಂದು ಹೆಸರು. 1798ರಲ್ಲಿ ಪ್ಯಾರಿಸ್ಸಿನ ರೆನ್ಯೆ ಎಂಬ ಯಂತ್ರಕುಶಲಿ ಉಕ್ಕಿನ ಸ್ಪ್ರಿಂಗಿನಿಂದ ಅಂಥದೊಂದನ್ನು ತಯಾರಿಸಿದ್ದನು. ಈಗ ವೈದ್ಯರು ಕುಳಿತ ವ್ಯಕ್ತಿಯ ಮೊಣಕೈಯನ್ನು ಲಂಬಕೋನಕ್ಕೆ ಮಡಿಸಿ, ಹಿಡಿಯನ್ನು ಶಕ್ತಿಯಿದ್ದಷ್ಟು ಹಿಸುಕಿಸಿ ಅಳೆಯುತ್ತಾರೆ. ಆರೋಗ್ಯವಂತ ವಯಸ್ಕ ಗಂಡಸರಲ್ಲಿ ಇದು ಸಾಮಾನ್ಯವಾಗಿ 30ರಿಂದ 50 ಕಿಲೋಗ್ರಾಂ, ಹೆಂಗಸರಲ್ಲಿ 20ರಿಂದ 30 ಕಿಲೋಗ್ರಾಂ ಇರುತ್ತದೆ. ಏಷ್ಯದ ತಜ್ಞರ ಒಂದು ಮಂಡಲಿ 2019ರಲ್ಲಿ ಗಂಡಸರಿಗೆ 28, ಹೆಂಗಸರಿಗೆ 18 ಕಿಲೋಗ್ರಾಂಗಿಂತ ಕಡಿಮೆಯಾದರೆ ಅದನ್ನು ಸ್ನಾಯುದೌರ್ಬಲ್ಯದ ಗುರುತೆಂದು ಪರಿಗಣಿಸಬೇಕೆಂದು ಸೂಚಿಸಿತು.

ಕೈಯ ಬಲದಿಂದ ಇಡೀ ಶರೀರದ ಸ್ಥಿತಿಯನ್ನು ಊಹಿಸಬಹುದೆ? ಭಾರತವೂ ಸೇರಿದಂತೆ 17 ದೇಶಗಳ ಸುಮಾರು 1,40,000 ಜನರನ್ನು ಪರೀಕ್ಷಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಸರಾಸರಿ ನಾಲ್ಕು ವರ್ಷಗಳ ಅವಧಿಯಲ್ಲಿ, ಹಿಡಿತ 5 ಕಿಲೋಗ್ರಾಂ ಕಡಿಮೆಯಿದ್ದಂತೆಲ್ಲ ಸಾವಿನ ಸಂಭವ ನೂರಕ್ಕೆ 16ರಷ್ಟು ಹೆಚ್ಚಾಗಿ ಕಂಡಿತು. ಇದನ್ನು ತಪ್ಪಾಗಿ ಅರ್ಥಮಾಡಿಕೊಳ್ಳಬಾರದು. ರಬ್ಬರಿನ ಚೆಂಡನ್ನು ಹಿಸುಕಿ ಮುಂದೋಳನ್ನು ಬಲಪಡಿಸಿಕೊಂಡವನು ಅದರಿಂದಲೇ ದೀರ್ಘಾಯುವಾಗುತ್ತಾನೆಂದು ಈ ಅಂಕಿಗಳು ಹೇಳುವುದಿಲ್ಲ. ಆಹಾರ, ದುಡಿಮೆ, ರೋಗ, ವಯಸ್ಸು ಇವೆಲ್ಲ ಶರೀರದ ಎಲ್ಲ ಸ್ನಾಯುಗಳ ಮೇಲೂ ಪ್ರಭಾವ ಬೀರುತ್ತವೆ. ಮುಷ್ಟಿ ಅವುಗಳಲ್ಲಿ ಸುಲಭವಾಗಿ ಅಳೆಯಬಹುದಾದ ಒಂದು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಚುಕಿದರೆ ಸಾಕು. ಆದರೆ ಆ ಒಂದು ಅಗುಳನ್ನು ಮಾತ್ರ ಬೇಯಿಸಿದರೆ ಅಡಿಗೆಯಾದಂತಾಗುವುದಿಲ್ಲ.

ಕೈಯ ಹಿಡಿತವನ್ನು ಬಲಪಡಿಸಿಕೊಳ್ಳಬೇಕೆನ್ನುವ ವಿದ್ಯಾರ್ಥಿಗಳಿಗೆ ಮೇಲಿನ ವಿವರಗಳಿಂದ ಒಂದು ಮಾತು ತಾನಾಗಿ ಹೊರಡುತ್ತದೆ. ಚೆಂಡನ್ನು ಹಿಸುಕುವುದು ಒಳಬದಿಯ ಸ್ನಾಯುಗಳಿಗೆ ನೇರವಾದ ವ್ಯಾಯಾಮ. ಹಗ್ಗ ಹತ್ತುವುದು, ಭಾರವನ್ನು ಹಿಡಿದು ನಡೆಯುವುದು, ಅಗೆಯುವುದು ಇವುಗಳಲ್ಲಿ ಮಣಿಕಟ್ಟನ್ನು ಎತ್ತಿ ನಿಲ್ಲಿಸುವ ಹಿಂಬದಿಯ ಸ್ನಾಯುಗಳೂ ಹೆಚ್ಚಿನ ಪಾಲನ್ನು ಹೊರುತ್ತವೆ. ಎರಡು ಪಕ್ಷಗಳೂ ಸಮವಾಗಿ ಬೆಳೆದಾಗಲೇ ಹಿಡಿತ ಗಟ್ಟಿಯಾದೀತು.

ಮುಂದಿನ ಸಲ ಹಗ್ಗಜಗ್ಗಾಟದಲ್ಲಿ ಕೈ ಸೋತು ಹಗ್ಗ ಜಾರತೊಡಗಿದಾಗ ಬೆರಳುಗಳನ್ನು ದೂರುವ ಮೊದಲು ಮೊಣಕೈಯ ಕೆಳಗೆ ಮುಟ್ಟಿ ನೋಡೋಣ. ಅಲ್ಲಿ ಮಾಂಸ ಕಲ್ಲಿನಂತಾಗಿ ನೋಯುತ್ತಿರುತ್ತದೆ. ಸೋತದ್ದು ಅಲ್ಲಿ, ಬೆರಳುಗಳು ಅದನ್ನು ನಮಗೆ ತಿಳಿಸಿದವು, ಅಷ್ಟೆ.